ಹಡಗು ಇಳಿಸಿದ ಹುಳು

ಪಾರ್ಥೇನಿಯಂ ನಮ್ಮ ದೇಶದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು 1950ರ ದಶಕದಲ್ಲಿ, ಪುಣೆಯಲ್ಲಿ. ಆಮದು ಗೋಧಿಯ ಜೊತೆ ಬಂತೆಂಬುದು ಸಾಮಾನ್ಯ ತಿಳಿವಳಿಕೆ. ಕುಷ್ಟಗಿ, ಯಲಬುರ್ಗಾದ ಹೊಲಗಳಲ್ಲಿ ಅದು ಕಾಂಗ್ರೆಸ್ ಕಸ. ಗೋಧಿ ತರಿಸಿದವರು ಯಾರೋ, ಕಸ ಕಿತ್ತು ಮೈ ತುರಿಸಿಕೊಳ್ಳುವವರು ಯಾರೋ.

ನೀರಿನಲ್ಲೂ ಇದೇ ಅನ್ಯಾಯ ನಡೆಯುತ್ತದೆ. 1980ರ ಸುಮಾರಿಗೆ ದಕ್ಷಿಣ ಅಮೆರಿಕದ ಒಂದು ಬಸವನಹುಳುವನ್ನು ತಿನ್ನುವುದಕ್ಕೆಂದು ತೈವಾನಿಗೆ ಒಯ್ದರು. ರುಚಿ ಹಿಡಿಸಲಿಲ್ಲ, ಮಾರುಕಟ್ಟೆ ಕುಸಿಯಿತು, ಹುಳು ಕಾಲುವೆ ಸೇರಿತು. ಫಿಲಿಪೈನ್ಸ್, ವಿಯೆಟ್ನಾಂಗಳಲ್ಲೂ ಅದು ಭತ್ತದ ದೊಡ್ಡ ಪೀಡೆಯಾಯಿತು. ಆಗಷ್ಟೇ ಹಚ್ಚಿದ ಎಳೆಯ ಸಸಿಯನ್ನು ಬುಡದಲ್ಲೇ ಕಡಿದು ತಿನ್ನುತ್ತದೆ. ನಮ್ಮ ಗದ್ದೆಯ ಬಸವನಹುಳು ದಂಡೆಯ ಹಸಿಮಣ್ಣಿನ ಗುಳಿಯಲ್ಲಿ ಬಿಳಿ ಮೊಟ್ಟೆ ಇಡುತ್ತದೆ. ಈ ಹೊರಗಿನ ಹುಳು ರಾತ್ರಿ ದಂಟು ಹತ್ತಿ, ನೀರಿನ ಮೇಲೆ ಕಡುಗುಲಾಬಿ ಮೊಟ್ಟೆಗಳ ಗೊಂಚಲು ಅಂಟಿಸಿ ಇಳಿಯುತ್ತದೆ. ಗಂಗಾವತಿಯ ರೈತ ಈ ಬಣ್ಣವನ್ನು ಈಗಲೇ ಗುರುತಿಟ್ಟುಕೊಳ್ಳಬೇಕು.

ಸಮುದ್ರ ನಮಗೆ ದೂರ, ಹಡಗಿನ ಕಾಟ ನಮಗೇಕೆ ಎಂದರೆ ಅದು ಸರಿಯಲ್ಲ. ಏಷ್ಯಾದ ಚಿನ್ನದ ಬಣ್ಣದ ಕಪ್ಪೆಚಿಪ್ಪೊಂದು, ಹಡಗುಗಳು ಸಮತೋಲಕ್ಕೆ ತುಂಬಿಕೊಳ್ಳುವ ನೀರಿನಲ್ಲಿ ಸಾಗಿ 1991ರಲ್ಲಿ ಅರ್ಜೆಂಟೀನಾದ ನದೀಮುಖದಲ್ಲಿ ಕಾಣಿಸಿತು. ಹತ್ತೇ ವರ್ಷದಲ್ಲಿ ದೋಣಿ, ಹಡಗುಗಳ ತಳಕ್ಕಂಟಿ ಹೊಳೆಯ ಹರಿವಿಗೆ ಎದುರಾಗಿ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಏರಿ ಇಟೈಪು ವಿದ್ಯುದಾಗಾರ ಮುಟ್ಟಿತು. ಅಲ್ಲಿ ನೀರಿನ ಕೊಳವೆಗಳ ಒಳಗೋಡೆಗೆ ಪದರ ಪದರವಾಗಿ ಅಂಟಿಕೊಂಡಿತು. ನಮ್ಮ ಮುನಿರಾಬಾದಿನ ವಿದ್ಯುದಾಗಾರದಲ್ಲೂ ಇಂಥ ಕೊಳವೆಗಳಿವೆ.

ವ್ಯಾಪಾರ ನಿಲ್ಲಿಸಿ ಎಂದು ಯಾರೂ ಹೇಳಲಾರರು. ಗಂಗಾವತಿಯ ಸೋನಾ ಮಸೂರಿಗೂ ಹೊರಗಿನ ಪೇಟೆ ಬೇಕು. ನನ್ನ ತಕರಾರು ಲೆಕ್ಕದ ಬಗ್ಗೆ. ಅಕ್ವೇರಿಯಂಗೆಂದು ಜೀವಂತ ಹುಳು ತರಿಸುವವನ ಖರೀದಿ ಬೆಲೆಯಲ್ಲಿ, ಅದು ತಪ್ಪಿಸಿಕೊಂಡರೆ ಆಗುವ ನಷ್ಟ ಸೇರಿಲ್ಲ. ಆ ನಷ್ಟ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತನ ತಲೆಗೆ ಬರುತ್ತದೆ. ನೀರಿಗೇ ಕಾದು ಕೂರುವ ಅವನು ಎರಡನೇ ಸಲ ಸಸಿ ಎಲ್ಲಿಂದ ತರಬೇಕು? ಒಮ್ಮೆ ನೆಲೆಯೂರಿದ ಮೇಲೆ ವಿಷ ಹಾಕುವಂತಿಲ್ಲ. ಅದೇ ನೀರನ್ನು ಜನ ಕುಡಿಯುತ್ತಾರೆ, ಮೀನುಗಾರರು ಅದರಲ್ಲೇ ಬಲೆ ಬೀಸುತ್ತಾರೆ.

ಹಡಗಿನ ನೀರಿಗೆ ಒಂದು ಅಂತರರಾಷ್ಟ್ರೀಯ ಒಪ್ಪಂದವಿದೆ. 2004ರಲ್ಲಿ ಬರೆದದ್ದು, ಜಾರಿಗೆ ಬರುವಾಗ 2017. ಹದಿಮೂರು ವರ್ಷ! ಅಕ್ವೇರಿಯಂ ಪೇಟೆಗೂ ಅಷ್ಟೇ ಗಟ್ಟಿ ಕಟ್ಟಳೆ ಬೇಕು: ಬಂದರಿನಲ್ಲೇ ತಪಾಸಣೆ, ಖರ್ಚು ತರಿಸಿದವನದು, ಸೋರಿದರೆ ಪರಿಹಾರವೂ ಅವನದೇ. ಇತ್ತ ಕಾಲುವೆ ಒಣಗುವ ಬೇಸಿಗೆಯಲ್ಲಿ ನೀರಾವರಿ ಸಿಬ್ಬಂದಿ ತೂಬು, ಗೋಡೆ ನೋಡುವಾಗ ಅಂಟಿದ ಚಿಪ್ಪುಗಳನ್ನೂ ನೋಡಿ ಬರೆದಿಡಲಿ.