ಯಜಮಾನರು ಹೊರಗೆ ಹೋದಾಗ

ಇಂದು ನಮ್ಮ ಮನೆಗಳಲ್ಲಿ ಎಂ.ಬಿ.ಎ. ಓದುವ ಮಕ್ಕಳು ಕಡಿಮೆಯೇನಿಲ್ಲ. ಅವರ ಪಠ್ಯದಲ್ಲಿ 'ನಾಯಕತ್ವ' ಎಂಬುದೊಂದು ದೊಡ್ಡ ಅಧ್ಯಾಯ. ಪರೀಕ್ಷೆಗೆಂದು ಸಿದ್ಧಾಂತಗಳನ್ನು ಬಾಯಿಪಾಠ ಮಾಡುತ್ತಾರೆ, ಅಂಕ ಪಡೆಯುತ್ತಾರೆ, ಮರೆಯುತ್ತಾರೆ. ಆದರೆ ನಾಯಕತ್ವ ಕಂಪನಿಗಳಿಗೆ ಮಾತ್ರ ಸೇರಿದ ವಿಷಯವೇ? ಮನೆ ನಡೆಸುವ ತಾಯಿ, ನಾಲ್ಕು ಜನ ಆಳುಗಳನ್ನಿಟ್ಟುಕೊಂಡ ಅಂಗಡಿಕಾರ, ತರಗತಿ ನಡೆಸುವ ಶಿಕ್ಷಕಿ, ಧರ್ಮಕೇಂದ್ರದ ಪಾಲನಾ ಸಮಿತಿಯವರು, ಗುರುಗಳಾದ ನಾವು, ಎಲ್ಲರೂ ಯಾರನ್ನೋ ಮುನ್ನಡೆಸುವವರೇ. ಆದ್ದರಿಂದ ಆ ಪಾಠವನ್ನು ಒಮ್ಮೆ ತಿರುವಿ ನೋಡೋಣ.

ನಾಯಕರು ಹುಟ್ಟಿನಿಂದಲೇ ನಾಯಕರು, ಚರಿತ್ರೆಯೆಂದರೆ ಅಂಥ ಮಹಾಪುರುಷರ ಕಥೆ ಎಂದು 1840ರಲ್ಲಿ ಲಂಡನ್ನಿನಲ್ಲಿ ಥಾಮಸ್ ಕಾರ್ಲೈಲ್ ಉಪನ್ಯಾಸ ಮಾಡಿದರು. ಈ ನಂಬಿಕೆ ಬಹುಕಾಲ ನಡೆಯಿತು. ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ ಸ್ಟಾಗ್‌ಡಿಲ್ ಎಂಬ ವಿದ್ವಾಂಸರು 1948ರಲ್ಲಿ ಬೇರೆ ಮಾತು ಹೇಳಿದರು: ಗುಣಗಳಷ್ಟೇ ಒಬ್ಬನನ್ನು ನಾಯಕನನ್ನಾಗಿ ಮಾಡುವುದಿಲ್ಲ, ಸಂದರ್ಭವೂ ಜೊತೆಗಿರುವ ಜನರೂ ಮುಖ್ಯ.

ಅದಕ್ಕೂ ಮುಂಚೆ, 1939ರಲ್ಲಿ, ಕರ್ಟ್ ಲೆವಿನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ನಡೆಸಿದ ಪ್ರಯೋಗದ ವರದಿ ಪ್ರಕಟವಾಯಿತು. ಹತ್ತು ವರ್ಷದ ಹುಡುಗರ ಚಿಕ್ಕ ಚಿಕ್ಕ ಗುಂಪುಗಳು. ಒಂದು ಬಗೆಯ ಮುಖಂಡ ಎಲ್ಲವನ್ನೂ ತಾನೇ ಅಪ್ಪಣೆ ಮಾಡುತ್ತಿದ್ದ. ಇನ್ನೊಬ್ಬ ಮಕ್ಕಳೊಡನೆ ಚರ್ಚಿಸಿ ನಿರ್ಧರಿಸುತ್ತಿದ್ದ. ಮತ್ತೊಬ್ಬ 'ನಿಮ್ಮಿಷ್ಟ' ಎಂದು ಬಿಟ್ಟುಬಿಡುತ್ತಿದ್ದ. ಬಿಟ್ಟುಬಿಟ್ಟಲ್ಲಿ ಕೆಲಸ ಸರಿಯಾಗಿ ಸಾಗಲಿಲ್ಲ. ಅಪ್ಪಣೆಯ ಗುಂಪಿನಲ್ಲಿ ಕೆಲಸವೇನೋ ಚುರುಕಾಗಿ ನಡೆಯುತ್ತಿತ್ತು, ಆದರೆ ಮುಖಂಡ ಕೋಣೆಯಿಂದ ಹೊರಗೆ ಹೋದೊಡನೆ ಕುಸಿಯುತ್ತಿತ್ತು. ಚರ್ಚಿಸಿ ನಿರ್ಧರಿಸಿದ ಗುಂಪಿನಲ್ಲಿ ಮಾತ್ರ, ಮುಖಂಡ ಇದ್ದರೂ ಇಲ್ಲದಿದ್ದರೂ ಕೆಲಸ ಹೆಚ್ಚುಕಡಿಮೆ ಒಂದೇ ರೀತಿ ಸಾಗುತ್ತಿತ್ತು.

ಏಕೆ ಹೀಗೆ? 1960ರಲ್ಲಿ ಡಗ್ಲಾಸ್ ಮೆಕ್‌ಗ್ರೆಗರ್ ಇದಕ್ಕೆ ಉತ್ತರ ಹುಡುಕಿದರು. ಮನುಷ್ಯ ಸ್ವಭಾವತಃ ಸೋಮಾರಿ, ಬೆದರಿಸದೆ ದುಡಿಯಲಾರ ಎಂದು ನಂಬುವುದು 'ಎಕ್ಸ್' ಸಿದ್ಧಾಂತ. ಅವಕಾಶ ಕೊಟ್ಟರೆ ಮನುಷ್ಯ ತಾನಾಗಿ ಹೊಣೆ ಹೊರುತ್ತಾನೆ ಎಂಬುದು 'ವೈ' ಸಿದ್ಧಾಂತ. ಕಾವಲಿನಲ್ಲೇ ದುಡಿಸಿದವರು ಕಾವಲು ತಪ್ಪಿದಾಗ ಕೈಬಿಟ್ಟು ಕೂರುವುದು ಸಹಜವಲ್ಲವೇ?

ಈ ಪುಸ್ತಕ ಬರುವುದಕ್ಕೆ ಐವತ್ತು ವರ್ಷ ಮೊದಲೇ 'ವೈ' ಸಿದ್ಧಾಂತವನ್ನು ಬಾಳಿ ತೋರಿಸಿದವರು ನಮ್ಮ ಕಡೆಯವರೇ. ಮಿರಜ್‌ನಿಂದ ಪುಣೆಯ ರೈಲು ಹತ್ತಿದರೆ ಸಾಂಗ್ಲಿ ದಾಟಿದ ಮೇಲೆ ಕಿರ್ಲೋಸ್ಕರವಾಡಿ ನಿಲ್ದಾಣ ಸಿಗುತ್ತದೆ. ಅದನ್ನು ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಮುಂಬಯಿಯಲ್ಲಿ ಚಿತ್ರಕಲೆ ಕಲಿಯಲು ಹೋದರು, ಬಣ್ಣಗಳನ್ನು ಗುರುತಿಸುವ ಕಣ್ಣಿನ ದೋಷದಿಂದ ಅದು ಕೈಗೂಡಲಿಲ್ಲ. ತಾಂತ್ರಿಕ ಶಾಲೆಯಲ್ಲಿ ಶಿಕ್ಷಕರಾದರು, ತಮಗೆ ಬರಬೇಕಾದ ಬಡ್ತಿ ಆಂಗ್ಲೋ ಇಂಡಿಯನ್ ಒಬ್ಬರ ಪಾಲಾದಾಗ ರಾಜೀನಾಮೆ ಕೊಟ್ಟರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಮುಂದೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಗಲಿದರೆ ಭೂಮಿಗೆ ವಿಷ ಎಂದು ನಂಬಿದ್ದ ರೈತರು ಕೊಳ್ಳಲು ಹಿಂಜರಿದರು. ನಗರಸಭೆಯವರು ಜಾಗ ಬಿಡಬೇಕೆಂದಾಗ ಔಂಧ್ ಸಂಸ್ಥಾನದ ಅರಸರು 32 ಎಕರೆ ಭೂಮಿಯನ್ನೂ ಬಡ್ಡಿಯಿಲ್ಲದ 10,000 ರೂಪಾಯಿ ಸಾಲವನ್ನೂ ಕೊಟ್ಟರು. ಹಾವು, ಪಾಪಾಸುಕಳ್ಳಿ ತುಂಬಿದ್ದ ಆ ಬರಡು ನೆಲದಲ್ಲಿ 1910ರಲ್ಲಿ ಕಾರ್ಖಾನೆಯೂ ಅದರ ಸುತ್ತ ಊರೂ ಎದ್ದವು.

ಆ ಊರನ್ನು ಯಾರೊಂದಿಗೆ ಕಟ್ಟಿದರು ಎಂಬುದನ್ನು ಗಮನಿಸಿ. ಸಹೋದರ ರಾಮುಅಣ್ಣ ಊರಿನ ಯೋಜನೆಯನ್ನೂ ಆಡಳಿತವನ್ನೂ ನೋಡಿಕೊಂಡರು. ಓದಿನಲ್ಲಿ ಹಿಂದೆ ಬಿದ್ದವರು ಯಂತ್ರಗಳಲ್ಲಿ ಪಳಗಿದರು. ದರೋಡೆಗಾಗಿ ಶಿಕ್ಷೆ ಅನುಭವಿಸಿ ಬಂದವರನ್ನು ಲಕ್ಷ್ಮಣರಾಯರು ನೇಮಿಸಿದ್ದು ರಾತ್ರಿ ಕಾವಲಿಗೆ! ಬೇರೆಯವರು ಯಾರಿಂದ ಬೀಗ ಭದ್ರಪಡಿಸುತ್ತಿದ್ದರೋ ಅವರಿಗೇ ಕಾಯುವ ಕೆಲಸ. ಅವರು ಆ ನಂಬಿಕೆಯನ್ನು ಉಳಿಸಿಕೊಂಡರು.

ಮಿರಜ್‌ನಲ್ಲಿ ಇನ್ನೊಂದು ಉದಾಹರಣೆಯಿದೆ. ಪ್ರೆಸ್ಬಿಟೇರಿಯನ್ ಮಿಷನ್ನಿನ ಡಾ. ವಿಲಿಯಂ ವಾನ್‌ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದರು. ದೊಡ್ಡ ಶಸ್ತ್ರವೈದ್ಯರಾಗಿದ್ದರೂ ಎಲ್ಲವೂ ತಮ್ಮ ಕೈಯಿಂದಲೇ ಆಗಬೇಕೆಂದು ಹಟ ಹಿಡಿಯದೆ, ಇಲ್ಲಿನ ಯುವಕರಿಗೆ ವೈದ್ಯವಿದ್ಯೆ ಕಲಿಸಲು ಶಾಲೆ ನಡೆಸಿದರು. 1933ರಲ್ಲಿ ಅವರು ತೀರಿಕೊಂಡ ನಂತರವೂ ಬೇರೆ ಕೈಗಳು ಆ ಸೇವೆಯನ್ನು ದಶಕಗಳ ಕಾಲ ಮುಂದುವರಿಸಿದವು.

ಹಾಗಾದರೆ ಎಲ್ಲರನ್ನೂ ಕಣ್ಣು ಮುಚ್ಚಿ ನಂಬಬೇಕೇ? ಅಲ್ಲ. 'ನಿಮ್ಮಿಷ್ಟ' ಎಂದು ಬಿಟ್ಟ ಗುಂಪಿನ ಗತಿಯನ್ನು ನೋಡಿದೆವು. ನಂಬುವುದೆಂದರೆ ಕೆಲಸ ಕೊಟ್ಟು ಕೈಬಿಡುವುದಲ್ಲ. ಕಲಿಸುವುದು, ಕೇಳುವುದು, ತಪ್ಪಿದಾಗ ತಿದ್ದುವುದು. 1970ರಲ್ಲಿ ರಾಬರ್ಟ್ ಗ್ರೀನ್‌ಲೀಫ್ 'ಸೇವಕ ನಾಯಕ' ಎಂಬ ವಿಚಾರ ಮುಂದಿಟ್ಟರು. ಇದನ್ನು ಅವರು ಶುಭಸಂದೇಶದಿಂದಲೇ ಪಡೆದಿರಬೇಕು ಎಂದು ನಮಗೆ ತೋರುವುದು ಸಹಜ. ಆದರೆ ಅವರೇ ಹೇಳಿಕೊಂಡಂತೆ ಅದು ಹೊಳೆದದ್ದು ಹರ್ಮನ್ ಹೆಸ್ಸೆಯ ಒಂದು ಕಾದಂಬರಿಯಿಂದ. ಅವರ ಒರೆಗಲ್ಲು ಸರಳ: ನಮ್ಮ ಕೈಕೆಳಗಿನವರು ಬೆಳೆಯುತ್ತಿದ್ದಾರೆಯೇ?

ಈ ಒರೆಗಲ್ಲನ್ನು ಮನೆಗೆ ತನ್ನಿ. ಅಪ್ಪ ಹೊರಗೆ ಕಾಲಿಟ್ಟೊಡನೆ ಮಕ್ಕಳು ಪುಸ್ತಕ ಮುಚ್ಚುತ್ತಾರೆಯೇ? ಎಸ್.ಎಸ್.ಎಲ್.ಸಿ.ಯಲ್ಲಿ ನಪಾಸಾದ ಮಗನನ್ನು ನೆಂಟರೆದುರು 'ದಂಡಪಿಂಡ' ಎನ್ನುತ್ತೇವೆಯೇ? ಸೆರೆಮನೆಯಿಂದ ಬಂದವನು, ಕುಡಿತ ಬಿಟ್ಟು ಎದ್ದು ನಿಂತವನು ಕೆಲಸ ಕೇಳಿದರೆ ಬಾಗಿಲು ತೆರೆಯುತ್ತೇವೆಯೇ? ನಮ್ಮ ಸಮಿತಿಗಳಲ್ಲಿ ಹತ್ತು ವರ್ಷಗಳಿಂದ ಒಂದೇ ಕೈಯಲ್ಲಿರುವ ಲೆಕ್ಕದ ಪುಸ್ತಕವನ್ನು ಒಬ್ಬ ಯುವತಿಗೆ ಕಲಿಸಿಕೊಟ್ಟಿದ್ದೇವೆಯೇ?

ಈ ತಿಂಗಳು ಒಂದು ಕೆಲಸ ಮಾಡೋಣ. ನಮ್ಮನ್ನು ಬಿಟ್ಟರೆ ಇನ್ನಾರಿಂದಲೂ ಆಗದು ಎಂದುಕೊಂಡಿರುವ ಒಂದು ಹೊಣೆಯನ್ನು ಆರಿಸಿಕೊಂಡು, ಇನ್ನೊಬ್ಬರಿಗೆ ತಾಳ್ಮೆಯಿಂದ ಕಲಿಸಿ ಒಪ್ಪಿಸೋಣ. ಆಮೇಲೆ ಪಕ್ಕಕ್ಕೆ ಸರಿದು ನಿಲ್ಲೋಣ. ಕೆಲಸ ಕಲಿಸುವುದಕ್ಕಿಂತ ಹೀಗೆ ಸರಿದು ನಿಲ್ಲುವುದೇ ಕಷ್ಟ.