ಅಜ್ಜನ ಮಳೆ ಲೆಕ್ಕ

ಕಳೆದ ವಾರ ಕಳಸದ ಕಡೆಯ ಒಂದು ಶಾಲೆಗೆ ಹೋಗಿದ್ದೆ. ಮಕ್ಕಳ ಜೊತೆ ಮಾತಾಡಿ ಮುಗಿಸುವಾಗ ಐದನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು.

"ಸಾರ್, ನೀವು ಯಾವ ಪೇಪರಿನವರು?"

"ಒಂದೇ ಪೇಪರಿನವನಲ್ಲಮ್ಮ. ಯಾರು ಕೇಳ್ತಾರೋ ಅವರಿಗೆ ಬರೆದುಕೊಡ್ತೀನಿ. ಒಂದು ದಿನ ಯಕ್ಷಗಾನ, ಒಂದು ದಿನ ಕಾಫಿ ರೇಟು, ಇನ್ನೊಂದು ದಿನ ತೋಟಕ್ಕೆ ಆನೆ ಬಂದ ಸುದ್ದಿ."

"ಹಾಗಾದ್ರೆ ತಪ್ಪು ಬರೆದ್ರೆ ನಿಮಗೆ ಬಯ್ಯೋರು ಯಾರು ಸಾರ್?"

ತರಗತಿಯೆಲ್ಲ ನಕ್ಕಿತು. ಮೇಷ್ಟ್ರು ಅವಳನ್ನು ಕೂರಿಸಲು ಹೋದರು. ನಾನೇ ಬೇಡ ಎಂದೆ. ಅವಳು ಕೇಳಿದ್ದು ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರವಾಗಿ ನನ್ನ ಅಜ್ಜನ ಕತೆ ಹೇಳಬೇಕಾಯಿತು. ಅದನ್ನೇ ಇಲ್ಲೂ ಹೇಳುತ್ತೇನೆ.

ನಮ್ಮ ಅಜ್ಜನಿಗೆ ಕಳಸದ ಹತ್ತಿರ ಸಣ್ಣ ಕಾಫಿ ತೋಟ. ಅಂಗಳದ ಮೂಲೆಯಲ್ಲಿ ಮಳೆ ಅಳೆಯುವ ಡಬ್ಬಿ. ದಿನಾ ಬೆಳಗ್ಗೆ ಎಂಟಕ್ಕೆ ಅದರ ನೀರನ್ನು ಅಳತೆಯ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಉದ್ದನೆಯ ಪುಸ್ತಕದಲ್ಲಿ ಬರೆಯುತ್ತಿದ್ದರು. ಸರ್ಕಾರದ ಲೆಕ್ಕ ಮಿಲಿಮೀಟರಿನಲ್ಲಿದ್ದರೂ ಕಾಫಿ ಸೀಮೆಯವರು ಮಳೆಯನ್ನು ಹೇಳುವುದು ಇಂಚು, ಸೆಂಟುಗಳಲ್ಲಿ. ನೂರು ಸೆಂಟು ಸೇರಿದರೆ ಒಂದು ಇಂಚು. ಒಂದು ಇಂಚೆಂದರೆ 25.4 ಮಿಲಿಮೀಟರ್. ಬರೆದಾದ ಮೇಲೆಯೇ ಅಜ್ಜನಿಗೆ ಕಾಫಿ, ಭದ್ರಾವತಿ ಆಕಾಶವಾಣಿ, ಪೇಪರು ಎಲ್ಲ.

ನಾನು ಆಗ ಮೂಡಿಗೆರೆಯಲ್ಲಿ ರೂಮು ಮಾಡಿಕೊಂಡಿದ್ದೆ. ಸುದ್ದಿ ಬರೆಯಲು ಶುರುಮಾಡಿ ವರ್ಷ ತುಂಬಿರಲಿಲ್ಲ. ಒಂದು ಮಾರ್ಚ್ ಕೊನೆಯಲ್ಲಿ ಅಜ್ಜನ ಊರಿನ ಗದ್ದೆಯಲ್ಲಿ ಯಕ್ಷಗಾನ ಮೇಳದ ಆಟ ಇತ್ತು. ನೋಡಿ ಬರೆಯಲು ಹೋದೆ. ಆಟ ಬೆಳಗಿನವರೆಗೆ. ಆದರೆ ಮೂಡಿಗೆರೆಗೆ ಹೊರಟ ಜೀಪೊಂದು ಮಧ್ಯರಾತ್ರಿ ಸಿಕ್ಕಿತು. ಚೆಂಡೆ ಕೇಳಿದ್ದಾಯಿತು, ಭಾಗವತರ ಪದ ಕೇಳಿದ್ದಾಯಿತು, ಇನ್ನೇನು ಎಂದು ಹತ್ತಿಬಿಟ್ಟೆ. ರೂಮಿಗೆ ಬಂದು ಬರೆದೆ: "ಚೆಂಡೆ ಮದ್ದಲೆಗಳ ನಾದ ಬೆಳಗಿನವರೆಗೂ ಕಣಿವೆಯಲ್ಲಿ ಮೊಳಗಿತು. ಪ್ರೇಕ್ಷಕರು ಮೈಮರೆತರು." ಕವರನ್ನು ಮೊದಲ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಚಿಕ್ಕಮಗಳೂರಿಗೆ ಕಳಿಸಿದೆ. ಆಗೆಲ್ಲ ನಮ್ಮ ಸುದ್ದಿ ಹೋಗುತ್ತಿದ್ದದ್ದೇ ಹಾಗೆ. ಮಾರನೆಯ ದಿನ ಫೋಟೋ ಸಮೇತ ಅಚ್ಚಾಯಿತು.

ಭಾನುವಾರ ಹೆಮ್ಮೆಯಿಂದ ಅಜ್ಜನ ಮನೆಗೆ ಹೋದೆ. ಅಜ್ಜ ಏನೂ ಮಾತಾಡದೆ ಪೇಪರನ್ನೂ ಮಳೆ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟರು. ಪುಸ್ತಕದಲ್ಲಿ ಹೀಗಿತ್ತು: "ರಾತ್ರಿ ಒಂದೂವರೆಗೆ ಶುರು. 1 ಇಂಚು 40 ಸೆಂಟು. ಆಟ ನಿಂತಿತು."

ಮಲೆನಾಡಿನ ಬೇಸಿಗೆ ಮಳೆಯೇ ಹಾಗೆ. ಒಂದು ಗುಡ್ಡಕ್ಕೆ ಬಿದ್ದರೆ ಪಕ್ಕದ ಗುಡ್ಡಕ್ಕೆ ಇಲ್ಲ. ಮೂಡಿಗೆರೆಯಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ.

"ಎರಡರಲ್ಲಿ ಒಂದು ಸುಳ್ಳು ಮಾರಾಯ," ಅಂದರು ಅಜ್ಜ. "ಡಬ್ಬಿಗೆ ಸುಳ್ಳು ಹೇಳಕ್ಕೆ ಬರಲ್ಲ."

"ಅಜ್ಜ, ಯಾರಿಗೇನು ನಷ್ಟ ಆಯ್ತು ಅದ್ರಿಂದ? ಒಳ್ಳೇದನ್ನೇ ಬರ್ದಿದೀನಲ್ಲ?"

"ಹೋಗಿ ಮದ್ದಲೆಯವರನ್ನ ಕೇಳು."

ಆ ಮಳೆ ಕಾಫಿಗೆ ಹೂಮಳೆ. ಬಿದ್ದ ಎಂಟೊಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳಿ ಊರಿಗೆ ಊರೇ ಮಲ್ಲಿಗೆಯ ಹಾಗೆ ಘಮಘಮ ಅನ್ನುತ್ತಿತ್ತು. ಆ ಪರಿಮಳದ ನಡುವೆಯೇ ಮೇಳ ಬೀಡುಬಿಟ್ಟಿದ್ದ ಊರು ಹುಡುಕಿಕೊಂಡು ಹೋದೆ. ಮದ್ದಲೆಯವರು ವಯಸ್ಸಾದವರು. ಮಳೆ ಬಂದಾಗ ಮೊದಲು ವೇಷದ ಪೆಟ್ಟಿಗೆಗಳನ್ನು ಒಳಗೆ ಸಾಗಿಸಿದ್ದರಂತೆ. ಅಷ್ಟರಲ್ಲಿ ಮದ್ದಲೆ ನೆನೆದು ಅದರ ಮುಚ್ಚಿಗೆ, ಅಂದರೆ ಬಾಯಿಗೆ ಬಿಗಿದ ಚರ್ಮ, ಹಾಳಾಗಿತ್ತು. ಒದ್ದೆ ಚರ್ಮ ಶ್ರುತಿ ಹಿಡಿಯುವುದಿಲ್ಲ.

"ನಿಮ್ಮ ಪೇಪರನ್ನ ನಮ್ಮ ಯಜಮಾನ್ರು ಓದಿದ್ರು," ಅಂದರು ಅವರು. "ಬೆಳಗಿನವರೆಗೂ ಮದ್ದಲೆ ಮೊಳಗಿದ್ರೆ ಅದು ಮಳೇಲಿ ಯಾವಾಗ ನೆನೀತು ಅಂತ ಕೇಳಿದ್ರು. ನಾನೇ ಜೋಪಾನ ಮಾಡದೆ ಹಾಳು ಮಾಡಿದೆ ಅಂದ್ಕೊಂಡಿದಾರೆ."

ನನಗೆ ನಿಂತ ನೆಲ ಕುಸಿದ ಹಾಗಾಯಿತು. ಒಂದು ಚಂದದ ವಾಕ್ಯಕ್ಕಾಗಿ ನಾನು ಬರೆದದ್ದು ಒಬ್ಬ ಪ್ರಾಮಾಣಿಕ ಮನುಷ್ಯನನ್ನು ಸುಳ್ಳುಗಾರನನ್ನಾಗಿ ಮಾಡಿತ್ತು.

ಯಜಮಾನರ ಮುಂದೆ ನಿಂತು ತಪ್ಪು ಒಪ್ಪಿಕೊಂಡೆ. ಪೇಪರಿನಲ್ಲೂ ತಿದ್ದುಪಡಿ ಹಾಕಿಸಿದೆ. ಒಳಪುಟದಲ್ಲಿ ಎರಡೇ ಸಾಲು ಬಂತು. ಎಷ್ಟು ಜನ ಓದಿದರೋ! ಹೊಸ ಮುಚ್ಚಿಗೆಯ ದುಡ್ಡನ್ನು ಮೂರು ತಿಂಗಳ ಬರಹದ ಹಣದಿಂದ ಕೊಟ್ಟೆ.

ವಾಪಸು ಬಂದು ಅಜ್ಜನನ್ನು ಕೇಳಿದೆ, "ಅರ್ಧ ರಾತ್ರಿಗೇ ಬಂದವನು ನಾನು. ಮತ್ತೆ ಎಂತ ಬರೀಬೇಕಿತ್ತು?" ಅಜ್ಜ ಪುಸ್ತಕದ ಹಳೆಯ ಪುಟವೊಂದನ್ನು ತೆಗೆದರು. ಸೋದರತ್ತೆಯ ಮದುವೆಗೆ ಹೋಗಿದ್ದ ಮೂರು ದಿನ. ಪಕ್ಕದ ತೋಟದವರು ಚೆನ್ನಾಗಿ ಮಳೆ ಆಯಿತು ಎಂದು ಹೇಳಿದ್ದರಂತೆ. ಆದರೂ ಅಲ್ಲಿ ಅಂಕಿ ಇರಲಿಲ್ಲ. "ಊರಲ್ಲಿ ಇರಲಿಲ್ಲ. ನೋಡಿಲ್ಲ" ಎಂದಷ್ಟೇ ಇತ್ತು.

ಆ ಮೂರು ಪದಗಳನ್ನು ಬರೆಯಲು ಎಷ್ಟು ಧೈರ್ಯ ಬೇಕು ಎಂದು ಗೊತ್ತಾದದ್ದು ಮೊಬೈಲ್ ಬಂದ ಮೇಲೆ.

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿ ಅದನ್ನು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಹೊರತಂದರು. ಅದಕ್ಕೇ ಜುಲೈ 1 ನಮಗೆ ಪತ್ರಿಕಾ ದಿನ. ಆ ಪತ್ರಿಕೆ ಬರುತ್ತಿದ್ದದ್ದು ಹದಿನೈದು ದಿನಕ್ಕೊಮ್ಮೆ. ತಪ್ಪು ಸುದ್ದಿ ಕೂಡ ನಿಧಾನವಾಗಿಯೇ ನಡೆದು ಬರಬೇಕಿತ್ತು. ಈಗ ಹಾಗಲ್ಲ.

ಕೆಲವು ವರ್ಷಗಳ ಹಿಂದೆ, ಒಂದು ಆಗಸ್ಟ್. ನಾನು ಕಳಸದಲ್ಲಿ ಗೆಳೆಯನ ಮನೆಯಲ್ಲಿದ್ದೆ. ಹಗಲು ರಾತ್ರಿ ಮಳೆ. ಕಳಸಕ್ಕೂ ಹೊರನಾಡಿಗೂ ನಡುವೆ ಭದ್ರಾ ನದಿಗೆ ಹೆಬ್ಬಾಳೆ ಸೇತುವೆ ಇದೆಯಲ್ಲ, ಮಳೆ ಜೋರಾದರೆ ಅದು ಮುಳುಗುತ್ತದೆ. ಕುದುರೆಮುಖದ ಕಡೆ ಸುರಿದ ಮಳೆಯೆಲ್ಲ ಇತ್ತಲೇ ಹರಿದು ಬರುವುದರಿಂದ, ಕಳಸದಲ್ಲಿ ಹನಿ ಕಡಿಮೆಯಾದರೂ ಹೊಳೆ ಏರುತ್ತಲೇ ಇರುತ್ತದೆ. ಅವತ್ತು ಬೆಳಗ್ಗೆ ಮೊಬೈಲಿಗೆ ಒಂದು ಫೋಟೋ ಬಂತು. "ಹೆಬ್ಬಾಳೆ ಸೇತುವೆ ಸ್ಕೂಲ್ ವ್ಯಾನ್ ಸಮೇತ ಕೊಚ್ಚಿಹೋಯಿತು." ಹಿಂದೆಯೇ ಮೂರು ಕಡೆಯಿಂದ ನನಗೆ ಫೋನ್: "ಬೇಗ ಸುದ್ದಿ ಕೊಡಿ, ಬೇರೆಯವರು ಹಾಕ್ತಿದಾರೆ!"

ಗೆಳೆಯನ ಮಗ ಆರನೇ ತರಗತಿ. ನನ್ನ ಹೆಗಲ ಮೇಲಿಂದ ಇಣುಕಿ, "ಮಾಮ, ಇವತ್ತು ಮಳೆ ರಜೆ ಕೊಟ್ಟಿದಾರಲ್ಲ, ವ್ಯಾನ್ ಎಲ್ಲಿಂದ ಬಂತು?" ಅಂದ. ಮತ್ತೆ ಫೋಟೋ ದೊಡ್ಡದು ಮಾಡಿ, "ಇದ್ರಲ್ಲಿ ನೆರಳು ಬಿದ್ದಿದೆ. ನಮ್ಮಲ್ಲಿ ಬಿಸಿಲು ಬಂದು ಎಷ್ಟು ದಿನ ಆಯ್ತು!" ಅಂದ. ಅದು ಎಲ್ಲಿಯದೋ, ಯಾವತ್ತಿನದೋ ಫೋಟೋ.

ಆದರೂ ಕೂತಲ್ಲೇ 'ಸುಳ್ಳು' ಎಂದು ಬರೆಯುವ ಹಾಗಿರಲಿಲ್ಲ. ಹೋಗಿ ನೋಡಿದೆವು. ಸೇತುವೆಯ ಮೇಲೆ ಕೆಂಪು ನೀರು. ಎರಡೂ ಕಡೆ ದಾರಿ ಬಂದ್. ನಾನು ಬರೆದದ್ದು ಇಷ್ಟೇ: "ಸೇತುವೆ ಮುಳುಗಿದೆ. ಕೊಚ್ಚಿಹೋದದ್ದನ್ನು ಕಂಡವರು ಯಾರೂ ಸಿಕ್ಕಿಲ್ಲ. ಇಂದು ಶಾಲೆಗೆ ರಜೆ, ಮಕ್ಕಳ ವ್ಯಾನ್ ಓಡಿಲ್ಲ." ಮುಳುಗುವುದು ಬೇರೆ, ಕೊಚ್ಚಿಹೋಗುವುದು ಬೇರೆ.

ಅಲ್ಲಿಂದ ಮಕ್ಕಳ ಹಾಸ್ಟೆಲಿಗೆ ಹೋದೆವು. ಮಕ್ಕಳೆಲ್ಲ ಕ್ಷೇಮ. ಒಬ್ಬ ಹುಡುಗ ಮಾತ್ರ ಸಪ್ಪೆ ಮುಖ ಮಾಡಿದ್ದ. "ನಮ್ಮಜ್ಜಿ ಆಚೆ ದಡದಲ್ಲಿದಾರೆ. ಫೋನ್ ಸಿಕ್ತಿಲ್ಲ. ಹೆದರ್ಕೊಂಡಿರ್ತಾರೆ." ಸುತ್ತು ದಾರಿಯಲ್ಲಿ ಜೀಪು ತಿರುಗಿಸಿಕೊಂಡು ಆಚೆ ದಡಕ್ಕೆ ಹೋದಾಗ ಸಂಜೆ. ಅಜ್ಜಿ ನಿಜಕ್ಕೂ ರಸ್ತೆ ಬದಿಯಲ್ಲೇ ಕೊಡೆ ಹಿಡಿದು ನಿಂತಿದ್ದರು. ಬೆಳಗಿನಿಂದ ನೀರೂ ಕುಡಿದಿರಲಿಲ್ಲವಂತೆ.

"ಮೊಮ್ಮಗ ಹಾಸ್ಟೆಲಲ್ಲಿ ಚೆನ್ನಾಗಿದಾನೆ ಅಜ್ಜಿ."

"ಯಾರೋ ಹೇಳಿದ್ದೋ, ನೀನೇ ನೋಡಿದ್ದೋ?"

"ನಾನೇ ನೋಡ್ದೆ. ಊಟ ಮಾಡ್ತಿದ್ದ."

"ಎಂತ ಊಟ?"

"ಅನ್ನ, ಹುರುಳಿ ಸಾರು. ಬದಿಯಲ್ಲಿ ಉಪ್ಪಿನಕಾಯಿ ತೆಗೆದಿಟ್ಟಿದ್ದ."

"ಹಾಂ, ಅವ ಉಪ್ಪಿನಕಾಯಿ ತಿನ್ನಲ್ಲ," ಅಂದು ಅಜ್ಜಿ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟರು. ಆಮೇಲೆ ಅತ್ತರು.

ಇಷ್ಟು ವರ್ಷದಲ್ಲಿ ಎಷ್ಟೋ ಸಂಪಾದಕರನ್ನು ನೋಡಿದ್ದೇನೆ. ಇಷ್ಟು ಚೆನ್ನಾಗಿ ಕೇಳಿದವರು ಕಡಿಮೆ.

ಶಾಲೆಯ ಹುಡುಗಿಗೆ ಇಷ್ಟನ್ನೂ ಹೇಳಿ, "ಬಯ್ಯೋರು ನಮ್ಮಜ್ಜ ಇದ್ರು. ಈಗಿಲ್ಲ," ಅಂದೆ. ಅವಳು ಸ್ವಲ್ಪ ಯೋಚಿಸಿ, "ಹಾಗಾದ್ರೆ ನಾವು ಕೇಳ್ತೀವಿ ಸಾರ್," ಅಂದಳು. ಕೇಳಿ ಮಕ್ಕಳೇ. ಮೊಬೈಲಿಗೆ ಸುದ್ದಿ ಬಂದಾಗ ಮನೆಯ ಅಜ್ಜ ಅಜ್ಜಿಯ ಜೊತೆ ಕೂತು ಕೇಳಿ: ಯಾರು ನೋಡಿದ್ದು? ಯಾವಾಗ? ಎಲ್ಲಿ ನಿಂತು? ಉತ್ತರ ಸಿಗದಿದ್ದರೆ ಮುಂದಕ್ಕೆ ಕಳಿಸಬೇಡಿ.

ಅಜ್ಜನ ಮಳೆ ಪುಸ್ತಕ ಈಗ ನನ್ನ ಮೇಜಿನ ಮೇಲಿದೆ. ಬೆಳಗ್ಗೆ ಎಂಟಕ್ಕೆ ನಾನೂ ಬರೆಯುತ್ತೇನೆ. ಶಾಲೆಗೆ ಹೋಗಿದ್ದ ದಿನದ ಎದುರಿಗೆ ಮಾತ್ರ ಅಂಕಿ ಇಲ್ಲ. ಊರಲ್ಲಿ ಇರಲಿಲ್ಲ. ನೋಡಿಲ್ಲ.