ಹತ್ತು ಯೂರೋ ವಿಸಿಲ್, ಒಂದು ಚಿಟಿಕೆ ಬ್ಲೂ ಟ್ಯಾಕ್

ಅಗ್ಗದ ವಾದ್ಯದ ಜೊತೆ ಒಂದು ತೊಂದರೆ ಇದೆ. ಅದು ಸರಿಯಾಗಿ ನುಡಿಯದಿದ್ದರೆ ತಪ್ಪು ಯಾರದ್ದು ಅಂತ ಹೊಸಬರಿಗೆ ಗೊತ್ತಾಗೋದೇ ಇಲ್ಲ. ನುರಿತವರು ವಾದ್ಯವನ್ನು ಬೈತಾರೆ. ಹೊಸಬರು ತಮ್ಮನ್ನೇ ಬೈದುಕೊಂಡು ಕೆಳಗಿಡ್ತಾರೆ.

ನಾವಿರುವ ಡಬ್ಲಿನ್‌ನಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಟಿನ್ ವಿಸಿಲ್. ಐರ್ಲೆಂಡಿನ ಎಷ್ಟೋ ಪ್ರೈಮರಿ ಶಾಲೆಗಳಲ್ಲಿ ಮಕ್ಕಳು ಕಲಿಯುವ ಮೊದಲ ವಾದ್ಯ ಅದು. ಸುಮಾರು ಒಂದು ಅಡಿಯ ಲೋಹದ ಕೊಳವೆ, ಆರು ತೂತು, ತುದಿಗೊಂದು ಪ್ಲಾಸ್ಟಿಕ್ ಊದುಬಾಯಿ. ನಮ್ಮ ಕೊಳಲಿನಂತೆ ಅಡ್ಡ ಹಿಡಿಯೋದಲ್ಲ, ಜಾತ್ರೆಯಲ್ಲಿ ಮಾರುವ ಮಕ್ಕಳ ಕೊಳಲಿನ ಹಾಗೆ ನೇರವಾಗಿ ಬಾಯಿಗಿಟ್ಟು ಊದೋದು. ಇಂಗ್ಲೆಂಡಿನ ರಾಬರ್ಟ್ ಕ್ಲಾರ್ಕ್ 1843ರಲ್ಲಿ ತಗಡಿನ ವಿಸಿಲ್ ಮಾಡಿ ಮಾರಲು ಶುರುಮಾಡಿದ ಕಾಲದಿಂದಲೂ ಇದು ಬಡವರಿಗೂ ಎಟುಕುವ ವಾದ್ಯ. ಇವತ್ತಿಗೂ ಹತ್ತು ಯೂರೋ ಆಸುಪಾಸಿನಲ್ಲಿ ಸಿಗುತ್ತೆ. ಕೈಯಲ್ಲಿ ಮಾಡಿದ್ದು ಬೇಕಂದ್ರೆ ನೂರು ಯೂರೋ ದಾಟುತ್ತೆ.

ಮಗಳು ಮೂರನೇ ವಾರಕ್ಕೇ ಹೇಳಿಬಿಟ್ಟಳು, "ನಂಗೆ ಬರಲ್ಲ ಕಣಮ್ಮಾ. ಎಲ್ಲರದ್ದೂ ಬರುತ್ತೆ, ನಂದು ಕಿರುಚುತ್ತೆ." ಕೆಳಗಿನ ಸ್ವರ ಊದಿದರೆ ಅದು ತಾನಾಗಿಯೇ ಮೇಲಿನ ಸ್ಥಾಯಿಗೆ ಹಾರುತ್ತಿತ್ತು. ಉಳಿದ ಸ್ವರಗಳ ಹಿಂದೆ ಪ್ರೆಷರ್ ಕುಕ್ಕರ್ ಥರ ಬುಸ್ ಅನ್ನೋ ಸದ್ದು. ಪಕ್ಕದ ಮನೆಯ ಅಜ್ಜ ಚಿಕ್ಕಂದಿನಿಂದ ವಿಸಿಲ್ ನುಡಿಸುವವರು. ಅವರ ಕೈಗೆ ಕೊಟ್ಟು ನೋಡಿದೆವು. ಅವರು ಊದಿದಾಗಲೂ ಅದೇ ಜಾಗದಲ್ಲಿ ಕಿರುಚಿತು. ಮಗಳ ಮುಖ ಅರಳಿದ್ದು ಆಗ!

ಇಷ್ಟು ಅರ್ಥಮಾಡಿಕೊಳ್ಳಿ: ವಿಸಿಲ್‌ನ ಸದ್ದು ಹುಟ್ಟೋದು ಕೊಳವೆಯಲ್ಲಿ ಅಲ್ಲ, ಊದುಬಾಯಿಯಲ್ಲಿ. ಒಂದು ಕಿರಿದಾದ ಸೀಳಿನಿಂದ ಗಾಳಿ ಹಾಳೆಯಂತೆ ಹೊರಬಂದು, ಎದುರಿನ ಚೌಕ ಕಿಟಕಿಯ ಅಂಚಿನಲ್ಲಿರುವ ಅಲಗಿಗೆ ಬಡಿಯುತ್ತೆ. ಅಲ್ಲಿ ಅದು ಅಲಗಿನ ಮೇಲೆ-ಕೆಳಗೆ ತುಯ್ದಾಡಿ, ಕೊಳವೆಯೊಳಗಿನ ಗಾಳಿಯನ್ನು ನಡುಗಿಸುತ್ತೆ. ಅಗ್ಗದ ವಿಸಿಲ್‌ನಲ್ಲಿ ಕೊಳವೆ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತೆ. ಎಡವಟ್ಟು ಆಗೋದು ಅಚ್ಚಿನಿಂದ ಬಂದ ಈ ಪ್ಲಾಸ್ಟಿಕ್‌ನ ಫಿನಿಶಿಂಗ್‌ನಲ್ಲಿ. ಅಂದರೆ ದುಬಾರಿ ವಿಸಿಲ್‌ಗೆ ಕೊಡೋ ದುಡ್ಡಿನಲ್ಲಿ ಒಂದು ಪಾಲು ಈ ಅರ್ಧ ಇಂಚಿಗೆ ಯಾರೋ ಕೊಟ್ಟ ಗಮನದ ಬೆಲೆ. ಆ ಗಮನವನ್ನು ನಾವೇ ಕೊಡಬಹುದು.

ಶುರುಮಾಡೋ ಮೊದಲು ಫೋನಿನಲ್ಲಿ ಎಲ್ಲಾ ಸ್ವರಗಳನ್ನೂ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮತ್ತೆ ರೆಕಾರ್ಡ್ ಮಾಡಿ. ವಾಪಸ್ ತೆಗೆಯಬಹುದಾದ ಕೆಲಸ ಮೊದಲು, ತೆಗೆಯಲಾಗದ್ದು ಕೊನೆಗೆ.

ಮೊದಲು ಊದುಬಾಯಿ ಬಿಚ್ಚಬೇಕು. ಬಹಳಷ್ಟು ವಿಸಿಲ್‌ಗಳಲ್ಲಿ ಅದನ್ನು ಕೊಳವೆಗೆ ಅಂಟಿಸಿರ್ತಾರೆ. ಬಿಸಿನೀರಿನಲ್ಲಿ ಒಂದೆರಡು ನಿಮಿಷ ಅದ್ದಿಟ್ಟು, ಬಟ್ಟೆಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದರೆ ಬರುತ್ತೆ. ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತೆ. ಹೀಗೆ ಬಿಚ್ಚಿದ್ದರಿಂದ ಇನ್ನೊಂದು ಲಾಭ, ಶ್ರುತಿ ಮಾಡಬಹುದು. ಊದುಬಾಯಿಯನ್ನು ಸ್ವಲ್ಪ ಹೊರಗೆಳೆದರೆ ಕೊಳವೆ ಉದ್ದವಾಗಿ ಶ್ರುತಿ ಇಳಿಯುತ್ತೆ, ಒಳಗೆ ತಳ್ಳಿದರೆ ಏರುತ್ತೆ. ಸಾಮಾನ್ಯವಾಗಿ ಶಾಲೆಯಲ್ಲಿ ಬಳಸೋದು ಡಿ ವಿಸಿಲ್. ಅದರ ಮೇಲಿನ ಎರಡು ತೂತು ಮುಚ್ಚಿ ಊದಿದಾಗ ಟ್ಯೂನರ್ ಆ್ಯಪ್ 880 ಹರ್ಟ್ಜ್ ಹತ್ತಿರ ತೋರಿಸಬೇಕು. ಕೂಡುವ ಜಾಗ ಸಡಿಲವಾಗಿದ್ದರೆ ಗಾಳಿ ಸೋರಿ ಕೆಳಗಿನ ಸ್ವರಗಳು ಸೊರಗುತ್ತವೆ. ನಲ್ಲಿ ಕೂಡಿಸುವಾಗ ಸುತ್ತುವ ಬಿಳಿ ಟೆಫ್ಲಾನ್ ಟೇಪ್ ಒಂದೆರಡು ಸುತ್ತು ಸಾಕು.

ಎರಡನೆಯದು ಬ್ಲೂ ಟ್ಯಾಕ್, ಗೋಡೆಗೆ ಪೋಸ್ಟರ್ ಅಂಟಿಸ್ತೀವಲ್ಲ, ಅದು. ಬಿಚ್ಚಿದ ಊದುಬಾಯಿಯನ್ನು ಕೊಳವೆ ಸೇರುವ ಕಡೆಯಿಂದ ನೋಡಿ. ಗಾಳಿಯ ಸೀಳಿನ ನೆಲದ ಅಡಿಯಲ್ಲಿ ಒಂದು ಪೊಳ್ಳು ಜಾಗ ಕಾಣಬಹುದು. ಪ್ಲಾಸ್ಟಿಕ್ ಉಳಿಸಲು ಬಿಟ್ಟ ಟೊಳ್ಳು ಅದು. ಚಿಟಿಕೆಯಷ್ಟು ಬ್ಲೂ ಟ್ಯಾಕ್ ಉಂಡೆಮಾಡಿ, ಬೆಂಕಿಕಡ್ಡಿಯ ಹಿಂಬದಿಯಿಂದ ಅಲ್ಲಿಗೆ ತುಂಬಿ, ಅಂಚಿಗೆ ಸಮನಾಗಿ ನಯಮಾಡಿ. ಅಂಚು ದಾಟಿ ಕಿಟಕಿಯ ಕಡೆಗೆ ಚಾಚಬಾರದು, ಗಾಳಿಯ ದಾರಿಗೆ ತಾಗಲೂಬಾರದು. ನಮ್ಮ ವಿಸಿಲ್‌ನಲ್ಲಿ ದೊಡ್ಡ ವ್ಯತ್ಯಾಸ ಮಾಡಿದ್ದು ಇದೇ. ಕೆಳಗಿನ ಸ್ವರ ಕೂತಲ್ಲೇ ಕೂತಿತು, ಸ್ಥಾಯಿ ಬದಲಿಸುವಾಗ ಬರುತ್ತಿದ್ದ ಕೀಚಲು ಬಹುತೇಕ ಹೋಯಿತು. ಇಷ್ಟವಾಗದಿದ್ದರೆ ಕಿತ್ತು ತೆಗೆದರಾಯಿತು.

ಮೂರನೆಯದಕ್ಕೆ ತಾಳ್ಮೆ ಬೇಕು. ಊದುಬಾಯಿಯನ್ನು ಬೆಳಕಿಗೆ ಹಿಡಿದು ಸೀಳಿನೊಳಗೆ ಇಣುಕಿ. ಅಚ್ಚಿನಿಂದ ಉಳಿದ ಕೂದಲೆಳೆಯಂಥ ಚೂರುಗಳು ಅಲಗಿನ ಅಂಚಿನಲ್ಲೋ ಸೀಳಿನ ಬಾಯಲ್ಲೋ ನೇತಾಡುತ್ತಿರಬಹುದು. ಆ ಬುಸ್ ಸದ್ದಿಗೆ ಅವೂ ಕಾರಣ. ಹೊಸ ಬ್ಲೇಡಿನ ತುದಿಯಿಂದ ಆ ಎಳೆಗಳನ್ನಷ್ಟೇ ತೆಗೆಯಿರಿ. ಅಲಗನ್ನು ಇನ್ನೂ ಚೂಪು ಮಾಡೋಣ ಅನ್ನೋ ಆಸೆ ಬರುತ್ತೆ, ಬೇಡ. ಕೆತ್ತಿದ ಪ್ಲಾಸ್ಟಿಕ್ ಮತ್ತೆ ಬೆಳೆಯಲ್ಲ. ಬ್ಲೇಡ್ ಕೆಲಸ ದೊಡ್ಡವರದ್ದೇ ಇರಲಿ.

ಯಾವುದೋ ಒಂದು ಸ್ವರ ಮಾತ್ರ ಏರುಶ್ರುತಿಯಲ್ಲಿದ್ದರೆ, ಆ ಸ್ವರ ಹೊರಡುವ ತೂತಿನ ಮೇಲಂಚಿಗೆ, ಅಂದರೆ ಊದುಬಾಯಿಯ ಕಡೆಯ ಅಂಚಿಗೆ, ಸಣ್ಣ ಚೂರು ಟೇಪ್ ಅಂಟಿಸಿ. ತೂತು ಕಿರಿದಾದಷ್ಟೂ ಸ್ವರ ಇಳಿಯುತ್ತೆ. ಇಲ್ಲಿನ ಚಳಿಗೆ ಸೀಳಿನಲ್ಲಿ ಉಸಿರಿನ ತೇವ ಕಟ್ಟಿ ಸದ್ದು ಮಂಕಾಗೋದೂ ಉಂಟು. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿಯನ್ನು ನೀರಿಗೆ ಹಾಕಿ ಸೀಳಿನ ಮೂಲಕ ಹರಿಸಿ ಒಣಗಿಸಿದರೆ ತೇವ ಹನಿಗಟ್ಟದೆ ಹರಡಿಕೊಳ್ಳುತ್ತೆ. ನುಡಿಸುವ ನಡುವೆ ಕಟ್ಟಿಕೊಂಡರೆ ಕಿಟಕಿಯನ್ನು ಬೆರಳಿನಿಂದ ಮುಚ್ಚಿ ಒಮ್ಮೆ ಜೋರಾಗಿ ಊದಿ.

ಇಷ್ಟಾದರೂ ಹತ್ತು ಯೂರೋ ವಿಸಿಲ್ ನೂರು ಯೂರೋದ್ದಾಗಲ್ಲ. ತೀರಾ ಮೇಲಿನ ಸ್ವರಗಳು ಈಗಲೂ ಕಿವಿ ಚುಚ್ಚುತ್ತವೆ. ಉಸಿರಿನ ಹದ, ಬೆರಳು ಪೂರ್ತಿ ಮುಚ್ಚೋದು, ಇವಕ್ಕೆ ಬ್ಲೂ ಟ್ಯಾಕ್ ಉತ್ತರ ಅಲ್ಲ. ಆದರೆ ಈಗ ಸ್ವರ ತಪ್ಪಿದರೆ ಅದು ತನ್ನ ಉಸಿರೋ ಬೆರಳೋ ಅಂತ ಮಗಳಿಗೆ ಗೊತ್ತಾಗುತ್ತೆ. ತಿದ್ದಿಕೊಳ್ಳೋದಕ್ಕೆ ಬೇಕಾಗಿರೋದು ಅಷ್ಟೇ ತಾನೇ?

ಕರ್ನಾಟಕ ಸಂಗೀತ ಸ್ವಲ್ಪ ಕಲಿತವರಿಗೆ ಇನ್ನೊಂದು ಖುಷಿ ಇದೆ. ಆರೂ ತೂತು ಮುಚ್ಚಿದ್ದು ಷಡ್ಜ ಅಂತಿಟ್ಟುಕೊಂಡು ಕೆಳಗಿನಿಂದ ಒಂದೊಂದೇ ಬೆರಳೆತ್ತಿದರೆ ಸಿಗೋದು ಶಂಕರಾಭರಣದ ಸ್ವರಗಳು. ಮೇಲಿನ ಮೂರು ಮಾತ್ರ ಮುಚ್ಚಿದ್ದನ್ನು ಷಡ್ಜ ಮಾಡಿಕೊಂಡು ಹಾಗೇ ಮುಂದುವರಿದರೆ ಕಲ್ಯಾಣಿಯ ಸ್ವರಗಳು. ಗಮಕ ಎಷ್ಟು ಬರುತ್ತೆ ಅನ್ನೋದು ನಿಮ್ಮ ಬೆರಳಿಗೆ ಬಿಟ್ಟಿದ್ದು. ಡ್ರಾಯರ್‌ನಲ್ಲಿ ಒಂದು ವಿಸಿಲ್ ಬಿದ್ದಿದ್ದರೆ, ಈ ಭಾನುವಾರ ಮೊದಲು ಅದರ ಊದುಬಾಯಿಯನ್ನು ಬೆಳಕಿಗೆ ಹಿಡಿದು ನೋಡಿ.